ಹೊಡೆದರೆ ಉತ್ತರ ಕೊಡುವ ಗುರಿಗಳು: ಮಕ್ಕಳ ಜೊತೆ ಪಾಯಿಂಟ್ 22 ರೈಫಲ್ ಅಭ್ಯಾಸಕ್ಕೊಂದು ಸಮಗ್ರ ಮಾರ್ಗದರ್ಶಿ

ಕಾಗದದ ಗುರಿಯ ಮುಂದೆ ಮಗುವನ್ನು ಕೂರಿಸಿ ನೋಡಿ. ಐದು ಗುಂಡು ಹೊಡೆಯುತ್ತದೆ, ಪ್ರತಿ ಸಲವೂ ತಿರುಗಿ ನಿಮ್ಮ ಮುಖ ನೋಡಿ "ಬಿತ್ತಾ?" ಅಂತ ಕೇಳುತ್ತದೆ. 25 ಮೀಟರ್ ದೂರದಲ್ಲಿರುವ, ಪೆನ್ಸಿಲ್ ದಪ್ಪವೂ ಇಲ್ಲದ ತೂತು ಅದಕ್ಕೆ ಕಾಣುವುದಿಲ್ಲ. ನೀವು ದುರ್ಬೀನು ಹಿಡಿದು "ಸ್ವಲ್ಪ ಎಡಕ್ಕೆ ಹೋಯಿತು" ಎನ್ನುವ ಹೊತ್ತಿಗೆ ಟ್ರಿಗರ್ ಎಳೆದ ಗಳಿಗೆಯಲ್ಲಿ ಕೈ ಏನು ಮಾಡಿತು ಎನ್ನುವುದು ಅದಕ್ಕೆ ಮರೆತೇ ಹೋಗಿರುತ್ತದೆ. ಅದೇ ಜಾಗದಲ್ಲಿ ಒಂದು ಬಲೂನು ಕಟ್ಟಿ. ಬಿದ್ದರೆ ಫಟ್ ಅನ್ನುತ್ತದೆ, ತಪ್ಪಿದರೆ ಅಲ್ಲೇ ತೂಗುತ್ತಿರುತ್ತದೆ. ನಡುವೆ ನಿಮ್ಮ ಮಾತೇ ಬೇಕಿಲ್ಲ. ಟ್ರಿಗರನ್ನು ಜಗ್ಗಿದೆನಾ, ಮೆಲ್ಲಗೆ ಒತ್ತಿದೆನಾ ಎನ್ನುವುದನ್ನು ಮಗು ತಾನೇ ಗುರಿಯಿಂದ ಕಲಿಯುತ್ತದೆ.

ಇದು ಮಕ್ಕಳಾಟಕ್ಕೆ ಮಾತ್ರ ಸೇರಿದ್ದೇನಲ್ಲ. ಒಲಿಂಪಿಕ್ಸ್‌ನ ಬಯಾಥ್ಲಾನ್, ಅಂದರೆ ಹಿಮದ ಮೇಲೆ ಸ್ಕೀಯಿಂಗ್ ಮಾಡುತ್ತಾ ನಡುನಡುವೆ ಗುರಿಗೆ ಹೊಡೆಯುವ ಸ್ಪರ್ಧೆಯಲ್ಲಿ 50 ಮೀಟರ್ ದೂರದಲ್ಲಿ ಐದು ಕಪ್ಪು ಬಿಲ್ಲೆಗಳಿರುತ್ತವೆ. ಗುಂಡು ತಗುಲಿದ ಬಿಲ್ಲೆಯ ಜಾಗ ತಕ್ಷಣ ಬಿಳಿಯಾಗುತ್ತದೆ. ಮಲಗಿ ಹೊಡೆಯುವಾಗ ಲೆಕ್ಕಕ್ಕೆ ಬರುವ ವೃತ್ತ 45 ಮಿಲಿಮೀಟರ್, ನಿಂತು ಹೊಡೆಯುವಾಗ 115 ಮಿಲಿಮೀಟರ್. ಅಲ್ಲಿ ಬಳಸುವುದೂ ಪಾಯಿಂಟ್ 22 ರೈಫಲ್ಲನ್ನೇ, ಅಂದರೆ ಸುಮಾರು 0.22 ಅಂಗುಲ ದಪ್ಪದ ಗುಂಡು ಹಾರಿಸುವ ರೈಫಲ್ಲನ್ನೇ.

ಆದರೆ ಮಜಾ ಹೆಚ್ಚಾದಷ್ಟೂ ಗಮನ ಗುರಿಯ ಮೇಲೇ ನೆಟ್ಟು, ಗುರಿಯ ಹಿಂದೆ ಏನಿದೆ ಎನ್ನುವುದು ಮರೆಯುತ್ತದೆ. ಹಾಗಾಗಿ ನಾನು ಯಾವಾಗಲೂ ಹಿಂದಿನಿಂದ ಮುಂದಕ್ಕೆ ಬರುತ್ತೇನೆ. ಮೊದಲು ಗುಂಡು ನಿಲ್ಲುವ ಜಾಗ, ಆಮೇಲೆ ಗುರಿ, ಆಮೇಲೆ ರೈಫಲ್, ಕೊನೆಗೆ ಮಗು.

ಗುಂಡು ಎಲ್ಲಿ ನಿಲ್ಲುತ್ತದೆ?

ಪಾಯಿಂಟ್ 22 ಲಾಂಗ್ ರೈಫಲ್ ತೋಟಾ ನೋಡುವುದಕ್ಕೆ ಚಿಕ್ಕದು. ಸಾಮಾನ್ಯವಾಗಿ ಸಿಗುವ 40 ಗ್ರೇನ್ ಗುಂಡು 2.6 ಗ್ರಾಂ ತೂಗುತ್ತದೆ. ಹಾಗಂತ ಅದನ್ನು ಆಟದ ಸಾಮಾನು ಎಂದುಕೊಳ್ಳಬೇಡಿ. ನಳಿಗೆಯಿಂದ ಸೆಕೆಂಡಿಗೆ 300 ಮೀಟರಿಗೂ ಹೆಚ್ಚು ವೇಗದಲ್ಲಿ ಹೊರಡುವ ಆ ಗುಂಡು, ತಡೆಯುವವರಿಲ್ಲದಿದ್ದರೆ ಸುಮಾರು 2 ಕಿಲೋಮೀಟರ್ ದೂರದಲ್ಲೂ ಅಪಾಯ ಮಾಡಬಲ್ಲದು.

ಹಾಗಾಗಿ ಮಾನ್ಯತೆ ಪಡೆದ ಶೂಟಿಂಗ್ ರೇಂಜೇ ಒಳ್ಳೆಯ ಜಾಗ. ಯಾವ ವಯಸ್ಸಿನ ಮಗು, ಯಾರ ಮೇಲ್ವಿಚಾರಣೆಯಲ್ಲಿ, ಯಾವ ಬಂದೂಕು ಬಳಸಬಹುದು ಎಂಬ ಕಾನೂನು ದೇಶದಿಂದ ದೇಶಕ್ಕೆ ಬೇರೆ. ಅದನ್ನು ಮೊದಲೇ ತಿಳಿದುಕೊಳ್ಳಿ. ರೇಂಜಿನವರನ್ನೂ ಕೇಳಿ. ಕಾಗದ ಬಿಟ್ಟು ಬೇರೇನನ್ನೂ ಹೊಡೆಯಲು ಬಿಡದ ರೇಂಜುಗಳು ಸಾಕಷ್ಟಿವೆ.

ಗುರಿಯ ಹಿಂದೆ ಗುಂಡನ್ನು ತಡೆಯುವ ಮಣ್ಣಿನ ದಿಬ್ಬ ಮೆತ್ತಗಿರಬೇಕು, ಕಡಿದಾಗಿರಬೇಕು, ಗುರಿ ಇಡುವ ಜಾಗದಲ್ಲಿ ಕಲ್ಲಿರಬಾರದು. ನಾನು ಹೋದ ಕೂಡಲೇ ಮಕ್ಕಳನ್ನು ಕರೆದುಕೊಂಡು ದಿಬ್ಬದ ಬುಡಕ್ಕೆ ಹೋಗಿ ಕಲ್ಲು, ಹಳೆಯ ಕಬ್ಬಿಣದ ಚೂರು ಆರಿಸುತ್ತೇನೆ. ಗುಂಡು ಎಲ್ಲಿಗೆ ಹೋಗಿ ಮುಗಿಯಬೇಕು ಎನ್ನುವುದು ಆ ಹದಿನೈದು ನಿಮಿಷದಲ್ಲಿ ಅವರ ಮನಸ್ಸಿನಲ್ಲಿ ಕೂರುತ್ತದೆ. ಗುರಿಗಳನ್ನು ದಿಬ್ಬದ ಬುಡದಲ್ಲಿ, ದಿಬ್ಬಕ್ಕೆ ಆದಷ್ಟು ಹತ್ತಿರ ಇಡಿ. ದಿಬ್ಬದ ನೆತ್ತಿಯ ಮೇಲೆ ಸಾಲಾಗಿ ಡಬ್ಬಿ ಜೋಡಿಸುವ ಆಸೆ ಬಹಳ ಜನಕ್ಕಿದೆ. ಸ್ವಲ್ಪ ಮೇಲಕ್ಕೆ ತಪ್ಪಿದ ಗುಂಡು ಆಕಾಶದ ಪಾಲು. ನೀರಿನ ಮೇಲೆ, ಗಟ್ಟಿ ನೆಲದ ಮೇಲೆ, ಮಂಜುಗಟ್ಟಿದ ಕೆರೆಯ ಮೇಲೆ ಇಟ್ಟ ಗುರಿಗೂ ಹೊಡೆಯಬೇಡಿ. ಓರೆಯಾಗಿ ಬಡಿದ ಗುಂಡು ತಟ್ಟೆಕಲ್ಲಿನ ಹಾಗೆ ಪುಟಿದು ಮುಂದೆ ಹೋಗುತ್ತದೆ.

ಪಾಯಿಂಟ್ 22 ಬಳಸಲು ಅವಕಾಶವಿಲ್ಲದ ಕಡೆ ನಿರಾಶರಾಗಬೇಕಿಲ್ಲ. ಗಾಳಿಯ ಒತ್ತಡದಿಂದ ಗುಂಡು ಹಾರಿಸುವ 4.5 ಮಿಲಿಮೀಟರಿನ ಏರ್ ರೈಫಲ್, 10 ಮೀಟರ್ ದೂರ, ಹಳೆಯ ಬಟ್ಟೆ ಗಿಡಿದು ತುಂಬಿ ಹಿಂಬದಿಗೆ ದಪ್ಪ ಹಲಗೆ ಬಡಿದ ಪೆಟ್ಟಿಗೆ ಇದ್ದರೆ ಈ ಬರಹದ ಮುಕ್ಕಾಲು ಪಾಲು ಮಾಡಬಹುದು. ಅದಕ್ಕೂ ಸುರಕ್ಷತೆಯ ನಿಯಮಗಳು ಮಾತ್ರ ಬಂದೂಕಿನವೇ.

ಯಾವುದಕ್ಕೆ ಹೊಡೆಯಬಾರದು

ಗಾಜು ಬೇಡವೇ ಬೇಡ. ಒಡೆಯುವ ಕ್ಷಣದ ಸೊಗಸಿಗಾಗಿ ಆ ಚೂರುಗಳನ್ನು ವರ್ಷಗಟ್ಟಲೆ ಮಣ್ಣಿನಲ್ಲಿ ಬಿಟ್ಟು ಬರಬೇಕಾಗುತ್ತದೆ. ಹಳೆಯ ಟೈರು ಮೆತ್ತಗಿದೆ, ಗುಂಡು ಹಿಡಿದುಕೊಳ್ಳುತ್ತದೆ ಅನ್ನಿಸುತ್ತದೆ. ಆದರೆ ಪಾಯಿಂಟ್ 22 ಗುಂಡು ಅದರಿಂದ ಪುಟಿದು ಹೊಡೆದವರ ಕಡೆಗೇ ಬರಬಹುದು. ಬೌಲಿಂಗ್ ಪಿನ್, ಗಾಲ್ಫ್ ಚೆಂಡು, ಕಲ್ಲು, ದಪ್ಪ ಮರದ ದಿಮ್ಮಿಗಳದ್ದೂ ಅದೇ ಗುಣ. ಹಳೆಯ ಟಿವಿ, ಬ್ಯಾಟರಿ, ಸ್ಪ್ರೇ ಡಬ್ಬಿ, ಗ್ಯಾಸ್ ಕ್ಯಾನು ಬೇಡ. ಗುಂಡು ತಗುಲಿದರೆ ಸ್ಫೋಟಿಸುವ ಗುರಿಗಳು ಕೆಲವು ದೇಶಗಳಲ್ಲಿ ಮಾರಾಟಕ್ಕಿವೆ; ಮಕ್ಕಳಿರುವ ಜಾಗಕ್ಕೆ ಅವುಗಳನ್ನು ತರಲೇಬಾರದು.

ಇನ್ನೊಂದು ನನ್ನ ಸ್ವಂತ ಹಠ. ಮನುಷ್ಯರ ಆಕಾರ, ಮುಖದ ಚಿತ್ರ ಇರುವ ಗುರಿಗಳನ್ನು ಮಕ್ಕಳ ಮುಂದೆ ಇಡುವುದಿಲ್ಲ. ವೃತ್ತ, ಚೌಕ, ಬಲೂನು, ಬಿಲ್ಲೆ, ಇಷ್ಟರಲ್ಲೇ ಬೇಕಾದಷ್ಟು ಆಟವಿದೆ.

ರೈಫಲ್, ಕಣ್ಣು, ಕಿವಿ

ಮೊದಲ ರೈಫಲ್ ಒಂದೇ ತೋಟಾ ಹಿಡಿಯುವ, ತೋಟಾ ಇಡುವ ಬಾಯಿಯನ್ನು ಕೈಯಿಂದ ತೆರೆದು ಮುಚ್ಚುವ ಬೋಲ್ಟ್ ಮಾದರಿಯದ್ದಾಗಿದ್ದರೆ ಚೆನ್ನ. ಪ್ರತಿ ಗುಂಡಿಗೂ ಬೋಲ್ಟ್ ತೆಗೆದು, ತೋಟಾ ಇಟ್ಟು, ಮುಚ್ಚಬೇಕಾದ್ದರಿಂದ ಮಗು ತಾನಾಗಿ ನಿಧಾನಿಸುತ್ತದೆ. ಬಟ್ಟಿನ, ಅಂದರೆ ರೈಫಲ್ಲಿನ ಭುಜಕ್ಕೊರಗುವ ಹಿಂಭಾಗದ ಉದ್ದ ಮಗುವಿನ ತೋಳಿಗೆ ಹೊಂದಬೇಕು. ದೊಡ್ಡವರ ರೈಫಲ್ ಕೊಟ್ಟರೆ ಮಗು ಬೆನ್ನನ್ನು ಹಿಂದಕ್ಕೆ ಬಾಗಿಸಿ, ಬಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಒದ್ದಾಡುತ್ತದೆ. ಅದು ಮಗುವಿನ ತಪ್ಪಲ್ಲ, ಅಳತೆಯ ತಪ್ಪು. ಭಾರವನ್ನು ಮೇಜಿನ ಮೇಲಿನ ಮರಳಿನ ಚೀಲ ಹೊರಲಿ. ನಿಂತು ಹೊಡೆಯುವುದನ್ನು ಆಮೇಲೆ ಕಲಿತರಾಯಿತು.

ಯಾವ ಕಣ್ಣು ಮುಂದಾಳು ಎಂದು ಮೊದಲೇ ನೋಡಿಕೊಳ್ಳಿ. ಎರಡು ಅಂಗೈ ಸೇರಿಸಿ ಹೆಬ್ಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು ಅದರೊಳಗಿಂದ ದೂರದ ವಸ್ತುವೊಂದನ್ನು ನೋಡಲು ಹೇಳಿ. ಒಂದೊಂದೇ ಕಣ್ಣು ಮುಚ್ಚಿದಾಗ, ಯಾವ ಕಣ್ಣಿಗೆ ಆ ವಸ್ತು ಕಿಂಡಿಯಲ್ಲೇ ಉಳಿಯುತ್ತದೋ ಅದು ಮುಂದಾಳು ಕಣ್ಣು. ಬಲಗೈ ಮಗುವಿಗೆ ಎಡಗಣ್ಣು ಮುಂದಾಗಿದ್ದರೆ ಎಡ ಭುಜದಿಂದ ಹೊಡೆಯುವುದನ್ನು ಕಲಿಸಿ ನೋಡಿ. ಮೊದಲ ದಿನವೇ ಆದರೆ ಮಕ್ಕಳು ಸಲೀಸಾಗಿ ಒಗ್ಗಿಕೊಳ್ಳುತ್ತಾರೆ.

ಪೆಟ್ಟು ತಡೆಯುವ ಪಾಲಿಕಾರ್ಬೊನೇಟ್ ಕನ್ನಡಕ ಎಲ್ಲರಿಗೂ ಬೇಕು, ನೋಡುತ್ತಾ ನಿಂತವರಿಗೂ. ಕಿವಿಗೆ ಸದ್ದು ತಡೆಯುವ ಮಫ್ ಬೇಕು. ಮಗುವಿನ ತಲೆಗೆ ದೊಡ್ಡವರ ಮಫ್ ಸಡಿಲವಾಗಿ ಕೂತರೆ ಅದು ಇದ್ದೂ ಇಲ್ಲದ ಹಾಗೆ. ಮೊದಲ ಗುಂಡಿನ ಸದ್ದಿಗೆ ಬೆಚ್ಚಿದ ಮಗು ಮುಂದೆ ಪ್ರತಿ ಸಲವೂ ಟ್ರಿಗರ್ ಒತ್ತುವ ಮೊದಲು ಕಣ್ಣು ಮುಚ್ಚುತ್ತದೆ. ಆ ಅಭ್ಯಾಸ ಬಿಡಿಸುವುದಕ್ಕೆ ತಿಂಗಳುಗಳೇ ಬೇಕು. ಒಳಗೆ ಇಯರ್ ಪ್ಲಗ್, ಮೇಲೆ ಮಫ್ ಎರಡನ್ನೂ ಹಾಕಿಸಿ, ವೇಗ ಕಡಿಮೆ ಇರುವ ತೋಟಾದಿಂದ ಆರಂಭಿಸಿ.

ಗುರಿಗಳು, ನಾನು ಬಳಸುವ ಕ್ರಮದಲ್ಲಿ

ಬಲೂನು ಮೊದಲು. ಮುಷ್ಟಿಗಿಂತ ಸ್ವಲ್ಪ ದೊಡ್ಡದಾಗಿ, ಬಿಗಿಯಾಗಿ ಊದಿ. ಅರೆಬರೆ ಊದಿದ ಬಲೂನಿಗೆ ಗುಂಡು ತಗುಲಿದರೂ ಕೆಲವೊಮ್ಮೆ ಒಡೆಯದೆ ಸುಮ್ಮನೆ ಗಾಳಿ ಬಿಡುತ್ತದೆ. ದೊಡ್ಡ ರಟ್ಟಿನ ಹಾಳೆಯನ್ನು ಎರಡು ಗೂಟಗಳ ನಡುವೆ ನಿಲ್ಲಿಸಿ, ಬಲೂನಿನ ಬಾಯನ್ನು ರಟ್ಟಿನ ಸಣ್ಣ ತೂತಿನಲ್ಲಿ ಹಿಂದಕ್ಕೆ ಎಳೆದು ಟೇಪು ಹಚ್ಚಿ. ಹಾಗೆ ಮಾಡಿದರೆ ಗಾಳಿಗೆ ಹೊಯ್ದಾಡುವುದಿಲ್ಲ, ತಪ್ಪಿದ ಗುಂಡಿನ ತೂತೂ ರಟ್ಟಿನ ಮೇಲೆ ಉಳಿಯುತ್ತದೆ. ದೂರ 10ರಿಂದ 15 ಮೀಟರ್ ಸಾಕು. ಮೊದಲ ದಿನ ಹತ್ತರಲ್ಲಿ ಎಂಟಾದರೂ ಬೀಳುವ ಹಾಗೆ ದೂರ ಇಡಿ. ಕಷ್ಟ ಹೆಚ್ಚಿಸುವುದಕ್ಕೆ ಮುಂದೆ ಬೇಕಾದಷ್ಟು ದಿನಗಳಿವೆ.

ಊದುವ ಮೊದಲು ಆಲಿಕೆಯಿಂದ ಒಂದು ಚಮಚ ಸೀಮೆಸುಣ್ಣದ ಪುಡಿ ಹಾಕಿದರೆ ಒಡೆದಾಗ ಬಿಳಿ ಹೊಗೆಯಂತೆ ಹಾರುತ್ತದೆ. ಎಲ್ಲ ಬಲೂನಿಗೂ ಹಾಕಬೇಡಿ. ಹತ್ತರಲ್ಲಿ ಎರಡಕ್ಕೆ ಮಾತ್ರ ಹಾಕಿ, ಯಾವುದೆಂದು ಹೇಳಬೇಡಿ. ಆ ಕುತೂಹಲಕ್ಕೇ ಮಗು ಪ್ರತಿ ಬಲೂನಿಗೂ ಉಸಿರು ಹಿಡಿದು ಗುರಿ ಇಡುತ್ತದೆ. ಏರ್ ರೈಫಲ್ಲಿನಲ್ಲಿ ಚಪ್ಪಟೆ ಮೂತಿಯ ಪೆಲ್ಲೆಟ್ ಬಳಸಿ. ಅವು ರಟ್ಟನ್ನು ಅಂಚು ಹರಿಯದಂತೆ ದುಂಡಗೆ ಕತ್ತರಿಸಿ ಹೋಗುತ್ತವೆ.

ಎರಡನೆಯದು ನೀರು. ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಗೆ ಕಂಠದವರೆಗೆ ನೀರು ತುಂಬಿ ಮುಚ್ಚಳ ಬಿಗಿಯಿರಿ. ಗಾಳಿಗೆ ಜಾಗ ಬಿಟ್ಟರೆ ಪೆಟ್ಟು ಅಲ್ಲಿ ಹೀರಿಹೋಗುತ್ತದೆ. ನೀರನ್ನು ಕುಗ್ಗಿಸಲಾಗದ ಕಾರಣ ತುಂಬಿದ ಬಾಟಲಿ ಜೋರಾಗಿ ಚಿಮ್ಮುತ್ತದೆ. ಮೂತಿಯಲ್ಲಿ ಕುಳಿಯಿರುವ ಹಾಲೋ ಪಾಯಿಂಟ್ ಗುಂಡು ನೀರಿನಲ್ಲಿ ಅರಳುವುದರಿಂದ ದುಂಡು ಮೂತಿಯ ಗುಂಡಿಗಿಂತ ಹೆಚ್ಚು ಚಿಮ್ಮಿಸುತ್ತದೆ. ದುಂಡು ಮೂತಿಯದ್ದು ಕೆಲವೊಮ್ಮೆ ಎರಡು ಕಡೆ ತೂತು ಮಾಡಿ ಸುಮ್ಮನೆ ಸುರಿಸುತ್ತದೆ, ಆಗ ಮಗುವಿನ ಮುಖ ಸಣ್ಣಗಾಗುತ್ತದೆ. ಕುಲುಕಿದ ಸೋಡಾ ಕ್ಯಾನು ಇನ್ನೂ ಸೊಗಸು, ಬಡಿದ ಕಡೆಯಿಂದ ಕಾರಂಜಿ ಏಳುತ್ತದೆ. ಬಾಟಲಿಯಾಗಲಿ ಕ್ಯಾನಾಗಲಿ ಕೊನೆಗೆ ಎಣಿಸಿ ವಾಪಸ್ ತರಬೇಕು.

ಮಂಜುಗಡ್ಡೆ ನನಗೆ ಎಲ್ಲಕ್ಕಿಂತ ಪ್ರಿಯವಾದ ಗುರಿ, ಯಾಕೆಂದರೆ ಅದು ಕಸವನ್ನೇ ಉಳಿಸುವುದಿಲ್ಲ. ಹಿಂದಿನ ರಾತ್ರಿ ಬಲೂನಿಗೆ ಬಣ್ಣದ ನೀರು ತುಂಬಿ ಫ್ರೀಜರಿನಲ್ಲಿಡಿ, ಬೆಳಿಗ್ಗೆ ರಬ್ಬರ್ ಸುಲಿದು ಡಬ್ಬಿಯಲ್ಲಿ ಒಯ್ಯಿರಿ. ದಿಬ್ಬದ ಮಣ್ಣಿನಲ್ಲಿ ಸಣ್ಣ ಗುಳಿ ಮಾಡಿ ಅದರಲ್ಲಿ ಕೂರಿಸಿ. ದೊಡ್ಡ ಉಂಡೆ ಮೊದಲ ಗುಂಡಿಗೆ ಬಿರುಕು ಬಿಟ್ಟು, ಎರಡನೆಯದಕ್ಕೋ ಮೂರನೆಯದಕ್ಕೋ ಚೂರಾಗುತ್ತದೆ. ಮನೆಯಲ್ಲಿ ಹಿಂದಿನ ರಾತ್ರಿಯೇ ಮಕ್ಕಳಿಗೆ ಕೆಲಸ ಸಿಗುತ್ತದೆ ಎನ್ನುವುದು ಇದರ ಇನ್ನೊಂದು ಲಾಭ. ನನ್ನ ಮಗಳಿಗೆ ಹೊಡೆಯುವುದರಷ್ಟೇ ಇಷ್ಟವಾದದ್ದು ಯಾವ ಬಣ್ಣಕ್ಕೆ ಯಾವ ಬಣ್ಣ ಬೆರೆಸಬೇಕು ಎಂಬ ಲೆಕ್ಕಾಚಾರ.

ಕ್ಲೇ ಬಿಲ್ಲೆಗಳು, ಅಂದರೆ ಶಾಟ್‌ಗನ್ ಸ್ಪರ್ಧೆಗಳಲ್ಲಿ ಗಾಳಿಗೆ ಎಸೆಯುವ ಕಿತ್ತಳೆ ಬಣ್ಣದ ತಟ್ಟೆಗಳು, ಸುಮಾರು 110 ಮಿಲಿಮೀಟರ್ ಅಗಲ. ದಿಬ್ಬದ ಮಣ್ಣಿಗೆ ಒರಗಿಸಿಟ್ಟರೆ ಸಾಕು. ಇವುಗಳ ನಿಜವಾದ ಗುಣ ಒಡೆದ ಮೇಲೆ ಗೊತ್ತಾಗುತ್ತದೆ. ದೊಡ್ಡ ಚೂರು ಉಳಿಯುತ್ತದೆ, ಅದೇ ಮುಂದಿನ ಗುರಿ; ಅದು ಒಡೆದರೆ ಅದರ ಚೂರು. ನೀವು ಏನೂ ಹೇಳದೆಯೇ ಗುರಿ ತಾನಾಗಿ ಚಿಕ್ಕದಾಗುತ್ತಾ, ಮಗುವಿನ ಕೈ ತಾನಾಗಿ ಪಳಗುತ್ತಾ ಹೋಗುತ್ತದೆ. ಡಾಂಬರು ಬೆರೆಸಿ ಮಾಡಿದ ಬಿಲ್ಲೆಗಳ ಚೂರು ತಿಂದರೆ ಹಂದಿಗಳಿಗೆ ವಿಷ. ಮಣ್ಣಿನಲ್ಲಿ ಕರಗುವ ಬಗೆಯದು ಸಿಕ್ಕರೆ ಅದನ್ನೇ ಕೊಳ್ಳಿ. ಯಾವುದೇ ಆದರೂ ಚೂರು ಆರಿಸಿ ತನ್ನಿ.

ಕೈ ಪಳಗಿದ ಮೇಲೆ ಸೀಮೆಸುಣ್ಣದ ಕಡ್ಡಿ. ಮರಳು ತುಂಬಿದ ತಟ್ಟೆಯಲ್ಲಿ ಅರ್ಧ ಹೂತು ನಿಲ್ಲಿಸಿ. ಒಂದು ಸೆಂಟಿಮೀಟರ್ ಅಗಲದ ಗುರಿ, ತಗುಲಿದರೆ ಪುಡಿ. ಕಾಗದದ ಪಟ್ಟಿಗೆ ಪುಟ್ಟ ಮಣ್ಣಿನ ಚೀಲ ಕಟ್ಟಿ ನೇತುಹಾಕಿ, ಪಟ್ಟಿಯನ್ನು ಗುಂಡಿನಿಂದ ಕತ್ತರಿಸಿ ಚೀಲ ಬೀಳಿಸುವುದು ಅದಕ್ಕೂ ಕಷ್ಟ. ದೊಡ್ಡವರೂ ಸೋಲುವ ಆಟವಿದು. ಮಕ್ಕಳಿಗೆ ಅದು ತುಂಬಾ ಖುಷಿ.

ತಾನಾಗಿ ಮುಚ್ಚಿಕೊಳ್ಳುವ ಪಾಲಿಮರ್ ಚೆಂಡು, ಘನಗಳು ಸಿಗುತ್ತವೆ. ಗುಂಡು ಒಳಹೊಕ್ಕು ಹೊರಬಂದರೂ ತೂತು ಮುಚ್ಚಿ, ವಸ್ತು ನೆಗೆದು ಬೇರೆ ಕಡೆ ಬೀಳುತ್ತದೆ. ತೊಂದರೆ ಅಲ್ಲೇ ಇದೆ. ನೆಗೆದ ಚೆಂಡು ದಿಬ್ಬದ ಅಂಚಿಗೆ ಉರುಳಿದರೆ ಮಗುವಿನ ನಳಿಗೆಯೂ ಅದರ ಹಿಂದೆ ತಿರುಗುತ್ತದೆ. ದಿಬ್ಬದ ಎಡಕ್ಕೊಂದು ಬಲಕ್ಕೊಂದು ಗೂಟ ನೆಟ್ಟು, ಅದರಾಚೆ ಹೋದ ಚೆಂಡು "ಔಟ್" ಎಂದು ನಿಯಮ ಮಾಡಿ. ಅಥವಾ ದಾರದಿಂದ ಕಟ್ಟಿಹಾಕಿ.

ಉಕ್ಕಿನ ಗಂಟೆ ಕಟ್ಟುವ ಬಗೆ

ಠಣ್ ಎನ್ನುವ ಉಕ್ಕಿನ ತಟ್ಟೆಗೆ ಸಾಟಿಯಿಲ್ಲ, ಆದರೆ ಎಲ್ಲಕ್ಕಿಂತ ಎಚ್ಚರ ಬೇಕಾದದ್ದೂ ಇದಕ್ಕೇ. ಗುಜರಿಯಲ್ಲಿ ಸಿಕ್ಕ ಕಬ್ಬಿಣದ ತಟ್ಟೆ ಬೇಡ. ಮೆದು ಕಬ್ಬಿಣದಲ್ಲಿ ಗುಳಿ ಬೀಳುತ್ತದೆ, ಗುಳಿಗೆ ಬಿದ್ದ ಮುಂದಿನ ಗುಂಡಿನ ಸೀಸ ಬಟ್ಟಲಿನಿಂದ ನೀರು ಚಿಮ್ಮುವಂತೆ ಹಿಂದಕ್ಕೆ ಬರುತ್ತದೆ. ಬ್ರಿನೆಲ್ ಮಾಪನದಲ್ಲಿ ಸುಮಾರು 500 ಗಡಸುತನವಿರುವ, ಎಆರ್500 ಎಂದು ಕರೆಯುವ ಉಕ್ಕನ್ನು ಗುರಿಗೆಂದೇ ಕತ್ತರಿಸಿ ತೂತು ಕೊರೆದು ಮಾರುತ್ತಾರೆ. 20 ಸೆಂಟಿಮೀಟರ್ ಅಗಲದ್ದು ಮಕ್ಕಳಿಗೆ ಸರಿ. ನೀವೇ ಗ್ಯಾಸ್ ಕಟರಿನಲ್ಲಿ ಕತ್ತರಿಸಲು ಹೋಗಬೇಡಿ, ಬಿಸಿಗೆ ಗಡಸುತನ ಹೋಗುತ್ತದೆ.

ಎರಡು ಕಡೆ ಮರದ ಕವಲು ಕಾಲು, ನಡುವೆ ಅಡ್ಡಪಟ್ಟಿ. ದಪ್ಪ ರಬ್ಬರ್ ಬೆಲ್ಟಿನ ತುಂಡುಗಳಿಂದ ತಟ್ಟೆ ನೇತುಹಾಕಿ. ಸರಪಳಿಗಿಂತ ರಬ್ಬರು ಒಳ್ಳೆಯದು, ಅದಕ್ಕೆ ಗುಂಡು ತಾಗಿದರೆ ಹರಿಯುತ್ತದೆ ಅಷ್ಟೆ. ತಟ್ಟೆ ಬಿಗಿಯುವ ಬೋಲ್ಟಿನ ನಯವಾದ ಗುಂಡುತಲೆ ಮುಂದಕ್ಕೆ, ನಟ್ಟು ಹಿಂದಕ್ಕೆ ಬರಲಿ. ಬೆಲ್ಟಿಗೂ ತಟ್ಟೆಗೂ ನಡುವೆ ಸ್ಪ್ರಿಂಗ್ ಅಥವಾ ದಪ್ಪ ವಾಷರ್ ಕೊಟ್ಟು, ತಟ್ಟೆಯ ಮೇಲಂಚು ನಿಮ್ಮ ಕಡೆಗೆ, ಮುಖ ನೆಲದ ಕಡೆಗೆ ಬಾಗುವಂತೆ ಮಾಡಿ. ಬಡಿದು ಚಪ್ಪಟೆಯಾದ ಸೀಸ ತಟ್ಟೆಯ ಮೈಗುಂಟ ಸುತ್ತಲೂ ಸಿಡಿಯುತ್ತದೆ. ಬಾಗಿದ ತಟ್ಟೆ ಅದರ ಬಹುಪಾಲನ್ನು ನೆಲಕ್ಕೆ ಇಳಿಸುತ್ತದೆ. ತಟ್ಟೆಯ ಅಕ್ಕಪಕ್ಕದಲ್ಲಿ ಯಾರೂ ಇರಬಾರದು.

ಪಾಯಿಂಟ್ 22ಕ್ಕೆ ನಾನು 25 ಮೀಟರಿಗಿಂತ ಹತ್ತಿರ ಉಕ್ಕು ಇಡುವುದಿಲ್ಲ. ರೇಂಜಿನ ನಿಯಮ ಇನ್ನೂ ದೂರ ಕೇಳಿದರೆ ಅದೇ ಅಂತಿಮ. ಸೀಸದ ಗುಂಡು ಮಾತ್ರ. ಏರ್ ಗನ್ನಿನ ಉಕ್ಕಿನ ಬಿಬಿ ಗುಂಡುಗಳನ್ನು ಉಕ್ಕಿಗೆ ಎಂದೂ ಹೊಡೆಯಬಾರದು, ಬಂದ ದಾರಿಯಲ್ಲೇ ವಾಪಸ್ ಬರುತ್ತವೆ. ಏರ್ ರೈಫಲ್ಲಿಗೆಂದು ಮಾಡಿದ ತೆಳು ತಿರುಗುಬಿಲ್ಲೆಗಳಿಗೆ ಪಾಯಿಂಟ್ 22 ಹೊಡೆಯಬಾರದು. ಪ್ರತಿ ಸಲ ಹೊರಡುವ ಮೊದಲು ತಟ್ಟೆಯ ಮೇಲೆ ಕೈಯಾಡಿಸಿ. ಗುಳಿ, ಬಿರುಕು ಸಿಕ್ಕರೆ ಆ ತಟ್ಟೆಯ ಕೆಲಸ ಮುಗಿಯಿತು.

ಉಕ್ಕು ಕಲಿಸುವ ಒಂದು ಪಾಠ ಬೇರಾವ ಗುರಿಯಲ್ಲೂ ಇಲ್ಲ. 50 ಮೀಟರಿನಲ್ಲಿ ಗುಂಡು ಹೋಗಿ ಠಣ್ ಸದ್ದು ಮರಳಿ ಬರಲು ಸುಮಾರು 0.3 ಸೆಕೆಂಡ್ ಬೇಕು. ಟ್ರಿಗರ್ ಒತ್ತಿದ ಕೂಡಲೇ ತಲೆ ಎತ್ತಿ ನೋಡುವುದು ಎಲ್ಲ ಮಕ್ಕಳ ಚಾಳಿ. "ಠಣ್ ಕೇಳಿಸುವವರೆಗೂ ಕೆನ್ನೆ ಬಟ್ಟಿನ ಮೇಲೇ ಇರಲಿ" ಎಂದು ಹೇಳಿ. ಒತ್ತಿದ ಮೇಲೂ ಅಲುಗದೆ ಉಳಿಯುವುದನ್ನು ಇದಕ್ಕಿಂತ ಸುಲಭವಾಗಿ ಕಲಿಸುವ ದಾರಿ ನಾನು ಕಂಡಿಲ್ಲ.

ಆಟ ನಡೆಸುವಾಗ

ನಾಲ್ಕು ಮಾತು ಮಗುವಿನ ಬಾಯಿಂದಲೇ ಬರಬೇಕು: ಎಲ್ಲ ಬಂದೂಕೂ ತುಂಬಿದೆ ಎಂದೇ ತಿಳಿ, ನಳಿಗೆ ದಿಬ್ಬದ ಕಡೆಗೇ ಇರಲಿ, ಗುರಿ ಕೂರುವವರೆಗೆ ಬೆರಳು ಟ್ರಿಗರಿನ ಹೊರಗೆ, ಗುರಿಯ ಹಿಂದೇನಿದೆ ನೋಡು. ಒಬ್ಬ ಮಗುವಿಗೆ ಒಬ್ಬ ದೊಡ್ಡವರು, ಕೈಗೆಟುಕುವಷ್ಟು ಹತ್ತಿರ, ಬೇರೆ ಕೆಲಸವಿಲ್ಲದೆ. ತೋಟಾಗಳು ನಿಮ್ಮ ಜೇಬಿನಲ್ಲಿರಲಿ, ಒಂದೊಂದೇ ಕೊಡಿ.

ಖುಷಿಯ ಗಳಿಗೆಯೇ ಅಪಾಯದ ಗಳಿಗೆ. ಬಲೂನು ಒಡೆದ ಮಗು "ನೋಡಿದ್ರಾ!" ಎಂದು ತಿರುಗುತ್ತದೆ, ಜೊತೆಗೆ ನಳಿಗೆಯೂ ತಿರುಗುತ್ತದೆ. ನನ್ನ ಮಗನೂ ಹಾಗೆ ಅರ್ಧ ತಿರುಗಿದ್ದಾನೆ; ನನ್ನ ಕೈ ನಳಿಗೆಯ ಪಕ್ಕದಲ್ಲೇ ಇದ್ದುದರಿಂದ ಅಲ್ಲೇ ತಡೆದೆ. ಅಂದಿನಿಂದ ನಮ್ಮ ನಿಯಮ ಹೀಗಿದೆ: ಬಿದ್ದರೆ ಮೊದಲು ಬೋಲ್ಟ್ ತೆಗೆ, ರೈಫಲ್ ಮೇಜಿನ ಮೇಲಿಡು, ಆಮೇಲೆ ಕುಣಿ. ತೋಟಾ ಹಾಕದ ಖಾಲಿ ರೈಫಲ್ಲಿನಲ್ಲಿ ಈ ಸರಣಿಯನ್ನು ಹತ್ತು ಸಲ ಮಾಡಿಸಿ, ಆಮೇಲೆ ತೋಟಾ ಕೊಡಿ.

ಟ್ರಿಗರ್ ಒತ್ತಿದರೂ ಗುಂಡು ಹಾರದಿದ್ದರೆ ನಳಿಗೆ ದಿಬ್ಬದ ಕಡೆಗೇ ಇಟ್ಟು 30 ಸೆಕೆಂಡ್ ಕಾಯಬೇಕು, ಆಮೇಲೆ ದೊಡ್ಡವರೇ ಬೋಲ್ಟ್ ತೆಗೆಯಬೇಕು. ಸದ್ದು ಎಂದಿಗಿಂತ ಕ್ಷೀಣವಾಗಿ ಕೇಳಿದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು. ನಳಿಗೆ ಪರೀಕ್ಷಿಸದೆ ಮುಂದಿನ ತೋಟಾ ಹಾಕಬೇಡಿ. ಗುರಿ ಬದಲಿಸಲು ಹೋಗುವಾಗ ಎಲ್ಲ ರೈಫಲ್ಲುಗಳ ಬೋಲ್ಟ್ ತೆರೆದಿರಬೇಕು, ಯಾರೂ ಮೇಜು ಮುಟ್ಟಬಾರದು.

ಆಟಗಳ ವಿಷಯ ಹೇಳುವುದಾದರೆ, ಬಣ್ಣ ಕೂಗುವ ಆಟ ಚಿಕ್ಕವರಿಗೆ ಹೇಳಿ ಮಾಡಿಸಿದ್ದು. ನೀವು "ಹಳದಿ" ಎಂದರೆ ಹಳದಿ ಬಲೂನಿಗೇ ಹೊಡೆಯಬೇಕು. ಒಂಬತ್ತು ಬಲೂನುಗಳ ಚೌಕದಲ್ಲಿ ಇಬ್ಬರು ಸರದಿಯಂತೆ ಹೊಡೆದು ಸಾಲು ಮಾಡುವುದು ಸ್ವಲ್ಪ ದೊಡ್ಡವರಿಗೆ. ಐದು ಕ್ಲೇ ಬಿಲ್ಲೆ ಇಟ್ಟು, ರೈಫಲ್ ಮೇಜಿನ ಮೇಲೇ ಬಿಟ್ಟು, ಹಿಂದಿನ ಖಾಲಿ ಜಾಗದಲ್ಲಿ ಹತ್ತು ಸಲ ಕುಣಿದು ಬಂದು, ಏರಿದ ಉಸಿರನ್ನು ಇಳಿಸಿಕೊಂಡು ಹೊಡೆಯುವುದು ಮನೆ ಮಟ್ಟದ ಬಯಾಥ್ಲಾನ್. ಗಡಿಯಾರ ಇಟ್ಟು ಅವಸರ ಮಾಡಿಸುವ ಆಟ ಮಾತ್ರ ಮಕ್ಕಳಿಗೆ ಬೇಡ. ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು ಗಂಟೆ. ಇನ್ನೂ ಬೇಕು ಅನ್ನುವಾಗಲೇ ನಿಲ್ಲಿಸಿ, ಕೊನೆಯ ಗುಂಡು ಸುಲಭವಾಗಿ ಬೀಳುವ ದೊಡ್ಡ ಬಲೂನಿಗೆ ಇರಲಿ.

ಮುಗಿದ ಮೇಲೆ

ರೈಫಲ್ ಖಾಲಿಯಿದೆಯೇ ಎಂದು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ನೋಡಿ ಚೀಲಕ್ಕೆ ಹಾಕಿ, ತೋಟಾಗಳನ್ನು ಬೇರೆ ಪೆಟ್ಟಿಗೆಯಲ್ಲಿ ಬೀಗ ಹಾಕಿ. ಆಮೇಲೆ ಬಕೆಟ್ಟು ಹಿಡಿದು ಎಲ್ಲರೂ ದಿಬ್ಬಕ್ಕೆ ನಡೆಯಿರಿ: ರಬ್ಬರ್ ತುಣುಕು, ಬಾಟಲಿ, ಬಿಲ್ಲೆಯ ಚೂರು. ಬಲೂನಿನ ತುಣುಕು ಪುಟ್ಟ ಮಕ್ಕಳ, ಪ್ರಾಣಿಗಳ ಗಂಟಲಿಗೆ ಸಿಕ್ಕಿಕೊಳ್ಳುವಂಥದ್ದು, ಒಂದೂ ಬಿಡಬೇಡಿ. ಉಕ್ಕಿನ ತಟ್ಟೆಯ ಕೆಳಗಿನ ಸೀಸದ ಚೂರುಗಳನ್ನು ಮಕ್ಕಳು ಮುಟ್ಟುವುದು ಬೇಡ, ಅದನ್ನು ನೀವು ಕೈಗವಸು ಹಾಕಿಕೊಂಡು ತೆಗೆಯಿರಿ.

ಸೀಸ ದೊಡ್ಡವರಿಗಿಂತ ಮಕ್ಕಳ ಮೈಗೆ ಬೇಗ ಸೇರುತ್ತದೆ, ಬೆಳೆಯುವ ಮಿದುಳಿಗೆ ಹಾನಿ ಮಾಡುತ್ತದೆ. ಹಾಗಾಗಿ ಹೊಡೆಯುವ ಜಾಗದಲ್ಲಿ ತಿಂಡಿ, ನೀರು ಯಾವುದೂ ಬೇಡ. ಸೋಪು ಹಾಕಿ ತಣ್ಣೀರಿನಲ್ಲಿ ಕೈ, ಮುಖ ತೊಳೆಸಿದ ಮೇಲೆಯೇ ಬುತ್ತಿ ಬಿಚ್ಚಿ. ಮನೆಗೆ ಬಂದ ಮೇಲೆ ಶೂಗಳು ಬಾಗಿಲ ಹೊರಗೆ, ಅಂದಿನ ಬಟ್ಟೆ ಬೇರೆಯಾಗಿ ಒಗೆತಕ್ಕೆ, ಮಕ್ಕಳು ನೇರ ಸ್ನಾನಕ್ಕೆ.